ವಿಕ್ಟರ್ ಕ್ಲೆಂಪರರ್ ಎಂಬ ಪಂಡಿತನ ಚರಿತ್ರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವಾಸಿಸುವವರಿಗೆ ನೀರಿನ ಸಂಗತಿಯನ್ನು ಹೊಸದಾಗಿ ಹೇಳಿಕೊಡಬೇಕಾದದ್ದಿಲ್ಲ. ಮಳೆ ತಪ್ಪಿದ ವರುಷಗಳಲ್ಲಿ ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ನೂರಾರು ಅಡಿ ಕೊರೆದ ಕೊಳವೆಬಾವಿಯೇ ನಮಗೆ ಗತಿಯಾಯಿತು. ಆ ನೀರು ನೋಡುವದಕ್ಕೆ ತಿಳಿಯಾಗಿದೆ, ಬಾಯಿಗೆ ತಂಪಾಗಿದೆ. ಆದರೆ ಅಂಥ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಬೆರೆತಿರುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು ೧.೫ ಮಿಲಿಗ್ರಾಮಿಗೆ ಮೀರಬಾರದೆಂದು ವೈದ್ಯಶಾಸ್ತ್ರವು ಗೊತ್ತುಮಾಡಿದೆ. ಮೀರಿದ ನೀರನ್ನು ಒಂದು ದಿನ ಕುಡಿದವನಿಗೆ ಏನೂ ಆಗದು. ಒಂದು ತಿಂಗಳು ಕುಡಿದವನಿಗೂ ಏನೂ ತೋರದು. ವರುಷಗಟ್ಟಲೆ ಕುಡಿದ ಮೇಲೆ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಏಳುವವು, ದೊಡ್ಡವರ ಎಲುಬುಗಳು ಬಿಗಿಯುವವು, ಕೆಲವರ ಬೆನ್ನು ಬಾಗಿ ಹೋಗುವದು. ನೀರನ್ನು ಸೇದಿ ತಂದವನೂ ಕುಡಿಸಿದವನೂ ದ್ವೇಷದಿಂದ ಮಾಡಿದವರಲ್ಲ, ತಿಳಿಯದೆ ಮಾಡಿದರು.

ಮನುಷ್ಯರು ದಿನದಿನವೂ ಆಡುವ ಮಾತುಗಳಲ್ಲಿಯೂ ಇಂಥ ವಿಷವು ಸೇರಬಲ್ಲದೆಂಬದನ್ನು ಕಂಡು, ಪ್ರಾಣಭಯದ ನಡುವೆ ಹನ್ನೆರಡು ವರುಷ ಪರೀಕ್ಷಿಸಿ ಬರೆದಿಟ್ಟ ಒಬ್ಬ ಪಂಡಿತನಿದ್ದನು. ಆತನ ಹೆಸರು ವಿಕ್ಟರ್ ಕ್ಲೆಂಪರರ್. ಹುಟ್ಟಿನಿಂದ ಯೆಹೂದ್ಯನು, ದೀಕ್ಷಾಸ್ನಾನದಿಂದ ಪ್ರೊಟೆಸ್ಟಂಟ್ ಸಭೆಯವನು, ನಡೆನುಡಿಗಳಿಂದ ಜರ್ಮನಿಯವನು. ಹುಟ್ಟು ಒಂದೇ ಲೆಕ್ಕಕ್ಕೆ ಬರತಕ್ಕದ್ದು, ಮಿಕ್ಕದ್ದೆಲ್ಲಾ ಸುಳ್ಳು ಎಂದು ಆತನ ದೇಶದ ಸರಕಾರವು ನಿರ್ಣಯಿಸಿತು. ಆದದರಿಂದ ಈ ಚರಿತ್ರೆಯು ದೂರದೇಶದ್ದಾದರೂ ನಮ್ಮಂಥವರು ಓದತಕ್ಕದ್ದಾಗಿದೆ.

ಜರ್ಮನರು ನಮ್ಮ ನಾಡಿಗೆ ಅಪರಿಚಿತರಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ಬೋಧಕನು ಜರ್ಮನಿಯವನೇ. ನಮ್ಮ ಮಾತುಗಳನ್ನು ಕಾಳು ಕಾಳಾಗಿ ಆಯ್ದು ಕೂಡಿಸಿದ ಆ ತಾಳ್ಮೆಯನ್ನು ಕನ್ನಡಿಗರು ಮರೆತಿಲ್ಲ. ಕ್ಲೆಂಪರರನೂ ಅದೇ ತಾಳ್ಮೆಯ ವಿದ್ವಾಂಸನು. ಆದರೆ ಆತನು ಆಯ್ದದ್ದು ಕಾಳನ್ನಲ್ಲ, ಕಾಳಿನಲ್ಲಿ ಬೆರೆತ ವಿಷದ ಬೀಜಗಳನ್ನು.

ಆತನು ೧೮೮೧ನೇ ಇಸವಿ ಅಕ್ಟೋಬರ್ ೯ರಂದು ವಾರ್ತೆ ನದಿಯ ತೀರದ ಲ್ಯಾಂಡ್ಸ್‌ಬರ್ಗ್ ಪಟ್ಟಣದಲ್ಲಿ ಹುಟ್ಟಿದನು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆಯಾದ ವಿಲ್ಹೆಲ್ಮನು ರಬ್ಬಿ, ಅಂದರೆ ಯೆಹೂದ್ಯರ ಸಭಾಮಂದಿರದ ಬೋಧಕನು. ಆತನು ಕೆಲವು ಕಾಲದ ಮೇಲೆ ಬರ್ಲಿನ್ ನಗರದ ಯೆಹೂದ್ಯ ಸುಧಾರಕ ಸಭೆಗೆ ಬೋಧಕನಾಗಿ ಹೋದುದರಿಂದ ಮಕ್ಕಳು ಅಲ್ಲಿ ಬೆಳೆದರು. ಅಣ್ಣಂದಿರಲ್ಲಿ ಗೆಯಾರ್ಗ್ ಮತ್ತು ಫೆಲಿಕ್ಸ್ ಎಂಬವರು ಹೆಸರುವಾಸಿಯಾದ ವೈದ್ಯರಾದರು. ಕಡೆಯ ಮಗನಾದ ವಿಕ್ಟರನನ್ನು ಮೊದಲು ವ್ಯಾಪಾರದ ಅಂಗಡಿಯಲ್ಲಿ ಕೆಲಸ ಕಲಿಯುವದಕ್ಕೆ ಇಟ್ಟರು. ಅದು ಆತನಿಗೆ ಹಿಡಿಸಲಿಲ್ಲ. ಮತ್ತೆ ಪಾಠಶಾಲೆಗೆ ಸೇರಿ, ೧೯೦೨ರಲ್ಲಿ ಪ್ರವೇಶ ಪರೀಕ್ಷೆಯನ್ನು ಮುಗಿಸಿ, ಮ್ಯೂನಿಕ್, ಜಿನೀವ, ಪ್ಯಾರಿಸ್, ಬರ್ಲಿನ್ ನಗರಗಳ ವಿದ್ಯಾಪೀಠಗಳಲ್ಲಿ ಭಾಷಾಶಾಸ್ತ್ರವನ್ನು ಓದಿದನು. ನಡುವೆ ಕೆಲವು ವರುಷ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದನು.

೧೯೦೬ರಲ್ಲಿ ಆತನು ಎವಾ ಷ್ಲೆಮ್ಮರ್ ಎಂಬಾಕೆಯನ್ನು ಮದುವೆಯಾದನು. ಎವಾ ಎಂದರೆ ನಮ್ಮ ಸತ್ಯವೇದದ ಹವ್ವ ಎಂಬ ಹೆಸರೇ. ಆಕೆಯು ಪ್ರೊಟೆಸ್ಟಂಟ್ ಕುಟುಂಬದವಳು, ಪಿಯಾನೋ ನುಡಿಸುವದರಲ್ಲಿ ನಿಪುಣೆ, ಸಂಗೀತರಚನೆಯನ್ನು ಬಲ್ಲವಳು. ವಿಕ್ಟರನು ಒಮ್ಮೆ ೧೯೦೩ರಲ್ಲಿ ಅಣ್ಣಂದಿರ ಮಾತಿನಂತೆ, ಮತ್ತೆ ೧೯೧೨ರಲ್ಲಿ ತಾನೇ ನಿಶ್ಚಯಿಸಿಕೊಂಡು ದೀಕ್ಷಾಸ್ನಾನ ಹೊಂದಿದನು. ಸತ್ಯವನ್ನೇ ಹೇಳಬೇಕಾದರೆ, ಆತನು ದೊಡ್ಡ ಭಕ್ತನೆಂದು ಹೆಸರಾದವನಲ್ಲ. ತಾನು ಜರ್ಮನ್ ಜನರೊಳಗೆ ಒಬ್ಬನು, ಅವರ ಭಾಷೆಯೂ ವಿದ್ಯೆಯೂ ತನ್ನವೇ ಎಂಬ ಭಾವನೆಯು ಆತನಲ್ಲಿ ಎಲ್ಲಕ್ಕಿಂತ ಬಲವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ೧೯೧೫ರಲ್ಲಿ ಯಾರೂ ಕರೆಯದೆ ತಾನಾಗಿ ಸೈನ್ಯಕ್ಕೆ ಸೇರಿ, ಫಿರಂಗಿ ದಳದಲ್ಲಿ ಸೇವೆಮಾಡಿ, ಬವೇರಿಯದ ಅರಸನ ಪದಕವನ್ನು ಪಡೆದನು. ೧೯೨೦ರಲ್ಲಿ ಡ್ರೆಸ್ಡನ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಪ್ರೆಂಚ್ ಮೊದಲಾದ ಭಾಷೆಗಳಿಗೆ ಪ್ರಾಧ್ಯಾಪಕನಾದನು. ಎಲ್ಬೆ ನದಿಯ ತೀರದ ಆ ಸುಂದರ ನಗರದಲ್ಲಿ ಪುಸ್ತಕ, ಪಾಠ, ಹೆಂಡತಿಯ ಸಂಗೀತ ಇವುಗಳೊಂದಿಗೆ ಆತನ ಮಧ್ಯವಯಸ್ಸು ಕಳೆಯಿತು.

ಹದಿನಾರು ಹದಿನೇಳು ವಯಸ್ಸಿನಿಂದಲೇ ದಿನಚರಿ ಬರೆಯುವದು ಆತನ ವಾಡಿಕೆ. ಕಂಡದ್ದು, ಕೇಳಿದ್ದು, ತಿಂದದ್ದು, ಸಾಲ, ನೋವು, ಹೆದರಿಕೆ ಎಲ್ಲವನ್ನೂ ಮುಚ್ಚದೆ ಬರೆಯುವನು. ತನ್ನ ಗರ್ವವನ್ನೂ ಅಳುಕನ್ನೂ ಕೂಡ ಬಿಡನು. ಇದು ಕೇವಲ ಅಭ್ಯಾಸವಾಗಿತ್ತು. ಮುಂದೆ ಇದೇ ಆತನ ಜೀವನದ ಮುಖ್ಯ ಕೆಲಸವಾಗಬೇಕಾಗಿತ್ತು.

೧೯೩೩ನೇ ಇಸವಿ ಜನವರಿ ೩೦ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ವಂಶದವರನ್ನು ಸರಕಾರದ ಉದ್ಯೋಗಗಳಿಂದ ತೆಗೆಯುವ ಕಾಯಿದೆಯು ಅದೇ ವರುಷದ ಏಪ್ರಿಲಿನಲ್ಲಿ ಹೊರಟಿತು. ಯುದ್ಧದಲ್ಲಿ ಸೇವೆಮಾಡಿದವರಿಗೆ ಸ್ವಲ್ಪ ವಿನಾಯಿತಿ ಇದ್ದುದರಿಂದ ಕ್ಲೆಂಪರರನು ಎರಡು ವರುಷ ಉಳಿದನು. ೧೯೩೫ರ ಏಪ್ರಿಲ್ ಕಡೆಯಲ್ಲಿ ಆತನ ಕೆಲಸವೂ ಹೋಯಿತು. ೧೯೩೮ರ ಕಡೆಯಲ್ಲಿ ಪುಸ್ತಕಾಲಯದ ಬಾಗಿಲೂ ಮುಚ್ಚಿತು. ವಿದ್ವಾಂಸನಿಗೆ ಪುಸ್ತಕವಿಲ್ಲದಿರುವದು ಒಕ್ಕಲಿಗನಿಗೆ ನೇಗಿಲು ಇಲ್ಲದಂತೆ. ೧೯೩೯ರ ಆರಂಭದಿಂದ ಪ್ರತಿ ಯೆಹೂದ್ಯ ಗಂಡಸು ತನ್ನ ಹೆಸರಿನೊಂದಿಗೆ ಇಸ್ರಾಯೇಲ್ ಎಂತಲೂ ಪ್ರತಿ ಹೆಂಗಸು ಸಾರಾ ಎಂತಲೂ ಸೇರಿಸಿಕೊಳ್ಳಬೇಕೆಂದು ಅಪ್ಪಣೆಯಾಯಿತು. ವಾಚಕರೇ, ಈ ಎರಡು ಹೆಸರುಗಳನ್ನು ನಮ್ಮ ಸಭೆಗಳಲ್ಲಿ ತಾಯಿತಂದೆಗಳು ಎಷ್ಟೊಂದು ಸಂತೋಷದಿಂದ ಮಕ್ಕಳಿಗೆ ಇಡುತ್ತಾರೆ! ಆ ದೇಶದಲ್ಲಿ ಅವುಗಳನ್ನೇ ಅಪರಾಧಿಯ ಹಣೆಗೆ ಒತ್ತುವ ಮುದ್ರೆಯಾಗಿ ಮಾಡಿದರು. ಹೆಸರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಅದನ್ನು ಕರೆಯುವ ಬಾಯಿ ಬದಲಾಯಿತು.

ದೇಶವನ್ನು ಬಿಟ್ಟುಹೋಗಬಾರದಾಗಿತ್ತೇ ಎಂದು ಕೇಳುವವರುಂಟು. ಅನೇಕರು ಹೋದರು. ಬರ್ಲಿನ್ ನಗರದ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಯೆಹೂದ್ಯ ವಂಶದ ಯುವಕನು ೧೯೩೩ರಲ್ಲಿ ಉದ್ಯೋಗ ಕಳೆದುಕೊಂಡು, ಐಗುಪ್ತದೇಶದಲ್ಲಿ ಕೆಲವು ಕಾಲವಿದ್ದು, ೧೯೩೯ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರಕಾರದ ಮುಖ್ಯ ವಾಸ್ತುಶಿಲ್ಪಿಯಾದನು. ಕೋಲಾರವೂ ಆಗ ಅದೇ ಸಂಸ್ಥಾನದೊಳಗಿತ್ತು. ಹೀಗೆ ಜರ್ಮನಿಯು ಹೊರಗೆ ಹಾಕಿದವನಿಂದ ನಮ್ಮ ಸೀಮೆಗೆ ಉಪಕಾರವಾಯಿತು. ಆದರೆ ಕ್ಲೆಂಪರರನಿಗೆ ಆಗಲೇ ಐವತ್ತು ದಾಟಿತ್ತು. ಇಂಗ್ಲಿಷನ್ನು ಆಡುವ ಅಭ್ಯಾಸವಿರಲಿಲ್ಲ. ಪ್ರೆಂಚ್ ಸಾಹಿತ್ಯವನ್ನು ಬಲ್ಲ ಜರ್ಮನ್ ಪ್ರಾಧ್ಯಾಪಕನನ್ನು ಬೇಕೆಂದು ಕರೆಯುವವರು ಇರಲಿಲ್ಲ. ಬರೆದ ಅರ್ಜಿಗಳು ಫಲಿಸಲಿಲ್ಲ. ಡ್ರೆಸ್ಡನ್ನಿನ ಹೊರಗೆ ಡೋಲ್ಚೆನ್ ಎಂಬಲ್ಲಿ ಎವಳ ಆಸೆಯಂತೆ ಒಂದು ಚಿಕ್ಕ ಮನೆಯನ್ನೂ ತೋಟವನ್ನೂ ಮಾಡಿಕೊಂಡಿದ್ದರು. ಯುದ್ಧ ಬಂದು ದಾರಿ ಮುಚ್ಚಿಹೋಯಿತು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಮರೆಮಾಡದೆ ಹೇಳಬೇಕು. ೧೯೩೫ರ ನ್ಯೂರೆಂಬರ್ಗ್ ಕಾಯಿದೆಗಳ ಪ್ರಕಾರ ಒಬ್ಬನ ಅಜ್ಜಅಜ್ಜಿಯರಲ್ಲಿ ಮೂವರು ಯೆಹೂದ್ಯ ಸಭೆಯವರಾಗಿದ್ದರೆ ಅವನು ಯೆಹೂದ್ಯನೇ. ಅವನು ಏನು ನಂಬುತ್ತಾನೆ, ಎಲ್ಲಿ ಪ್ರಾರ್ಥಿಸುತ್ತಾನೆ ಎಂಬದು ವಿಚಾರಣೆಗೆ ಬರುವದಿಲ್ಲ. ಸರಕಾರವು ಹೀಗೆ ಹೇಳಿದಾಗ ಕ್ರೈಸ್ತಸಭೆಯು ಒಂದೇ ಬಾಯಿಂದ ಅಲ್ಲವೆನ್ನಬೇಕಾಗಿತ್ತು. ಕೆಲವರು ಅಂದರು, ೧೯೩೩ರಲ್ಲಿ ಮಾರ್ಟಿನ್ ನೀಮೊಲ್ಲರ್ ಎಂಬ ಬೋಧಕನು ಯೆಹೂದ್ಯ ವಂಶದ ಬೋಧಕರನ್ನು ಸಭೆಯ ಕೆಲಸದಿಂದ ತೆಗೆಯಬಾರದೆಂದು ಬೋಧಕರ ಸಂಘವನ್ನೇ ಕೂಡಿಸಿದನು. ಆದರೆ ೧೯೪೧ನೇ ಇಸವಿ ಡಿಸೆಂಬರ್ ೧೭ರಂದು ಏಳು ಪ್ರಾಂತಗಳ ಪ್ರೊಟೆಸ್ಟಂಟ್ ಸಭೆಗಳ ಅಧಿಕಾರಿಗಳು ದೀಕ್ಷಾಸ್ನಾನ ಹೊಂದಿದ ಯೆಹೂದ್ಯರಿಗೆ ತಮ್ಮ ಸಭೆಗಳಲ್ಲಿ ಸ್ಥಳವೂ ಹಕ್ಕೂ ಇಲ್ಲವೆಂದು ಪ್ರಕಟಿಸಿದರು. ಆ ಏಳರಲ್ಲಿ ಸ್ಯಾಕ್ಸನಿ ಪ್ರಾಂತದ ಸಭೆಯು ಒಂದು. ಡ್ರೆಸ್ಡನ್ ಅದರ ರಾಜಧಾನಿ. ರಕ್ತದ ಗುರುತು ನೀರಿನಿಂದ ಹೋಗದೆಂಬ ಲೋಕದ ಮಾತನ್ನು ಸಭೆಯೇ ಕಲಿತು ಆಡಿತು. ಇದು ವಿಷವು ಎಷ್ಟು ದೂರ ಇಳಿದಿತ್ತೆಂಬದಕ್ಕೆ ಸಾಕ್ಷಿ.

೧೯೪೦ರ ಮೇ ತಿಂಗಳಲ್ಲಿ ದಂಪತಿಗಳು ತಮ್ಮ ಮನೆಯನ್ನು ಬಿಟ್ಟು, ಯೆಹೂದ್ಯರ ಮನೆಗಳೆಂದು ಗೊತ್ತುಮಾಡಿದ ಕಟ್ಟಡದಲ್ಲಿ ಬೇರೆ ಕುಟುಂಬಗಳೊಂದಿಗೆ ಇಕ್ಕಟ್ಟಾಗಿ ಇರಬೇಕಾಯಿತು. ಒಂದು ರಾತ್ರಿ ಕಿಟಕಿಯ ಪರದೆ ಮುಚ್ಚಲು ಮರೆತದ್ದಕ್ಕಾಗಿ ೧೯೪೧ರಲ್ಲಿ ಆತನು ಎಂಟು ದಿನ ಸೆರೆಯಲ್ಲಿದ್ದನು. ಅದೇ ವರುಷದ ಸೆಪ್ಟೆಂಬರ್ ೧೯ರಿಂದ ಹಳದಿ ಬಟ್ಟೆಯ ನಕ್ಷತ್ರವನ್ನು ಎದೆಗೆ ಹೊಲಿದುಕೊಂಡೇ ಬೀದಿಗೆ ಬರಬೇಕೆಂದಾಯಿತು. ಈ ವರುಷಗಳ ದುಃಖಗಳಲ್ಲಿ ಆ ದಿನವನ್ನೇ ಆತನು ಎಲ್ಲಕ್ಕಿಂತ ಭಾರವಾದದ್ದೆಂದು ಎಣಿಸಿದನು. ಒಂದಾದ ಮೇಲೊಂದು ನಿಷೇಧಗಳು ಬಂದವು: ರೇಡಿಯೋ ಇಲ್ಲ, ಟೆಲಿಫೋನ್ ಇಲ್ಲ, ಟ್ರಾಮು ಇಲ್ಲ, ಬೆರಳಚ್ಚಿನ ಯಂತ್ರವಿಲ್ಲ, ಹೊಗೆಸೊಪ್ಪಿಲ್ಲ, ಪತ್ರಿಕೆ ಕೊಳ್ಳುವಂತಿಲ್ಲ, ಹೂವು ಕೊಳ್ಳುವಂತಿಲ್ಲ. ೧೯೪೨ರ ಜೂನ್ ತಿಂಗಳಲ್ಲಿ ಆತನು ಇವುಗಳನ್ನು ಎಣಿಸಿ ದಿನಚರಿಯಲ್ಲಿ ಬರೆದಾಗ ಪಟ್ಟಿಯು ಮೂವತ್ತನ್ನು ಮೀರಿತು. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಬಾರದು, ಪರರಿಗೂ ಕೊಡಬಾರದು ಎಂಬ ಅಪ್ಪಣೆಯಿಂದ ಅವರ ಮುದ್ದಿನ ಬೆಕ್ಕನ್ನು ಕೊಲ್ಲಿಸಬೇಕಾಯಿತು. ಅರಸುಗಳು ಯುದ್ಧದ ಕಥೆ ಬರೆಸುವರು. ಒಂದು ಬೆಕ್ಕಿನ ಕಥೆಯನ್ನು ಬರೆಯುವವರಾರು? ದೊಡ್ಡ ಸಂಗತಿಗಳನ್ನು ಬೇರೆಯವರು ಬರೆದಾರು, ದಿನದಿನದ ಚಿಕ್ಕ ಹಿಂಸೆಗಳನ್ನು ತಾನು ಬರೆಯದಿದ್ದರೆ ಯಾರೂ ಬರೆಯರು ಎಂದು ಆತನು ತಿಳುಕೊಂಡನು.

ಈ ಬರವಣಿಗೆಯು ಸಾಮಾನ್ಯವಾದ ಧೈರ್ಯವಲ್ಲ. ಗೆಸ್ಟಾಪೊ ಎಂಬ ಗುಪ್ತ ಪೊಲೀಸರು ಆಗಾಗ್ಗೆ ಮನೆಯೊಳಗೆ ನುಗ್ಗಿ, ಪೆಟ್ಟಿಗೆಗಳನ್ನು ಬುಡಮೇಲು ಮಾಡಿ, ಮುದುಕರನ್ನೂ ಹೊಡೆದು, ಉಗುಳಿ ಹೋಗುವರು. ದಿನಚರಿಯ ಒಂದು ಹಾಳೆ ಸಿಕ್ಕಿದರೂ ಬರೆದವನಿಗೆ ಮರಣ. ಅದರಲ್ಲಿ ಹೆಸರು ಬಂದವರಿಗೂ ಅಪಾಯ. ಈ ಎರಡನೆಯ ಭಾರವು ಆತನ ಮನಸ್ಸಾಕ್ಷಿಯನ್ನು ಬಹಳವಾಗಿ ಚುಚ್ಚುತ್ತಿತ್ತು. ಆದಾಗ್ಯೂ ಬಿಡಲಿಲ್ಲ. ಬರೆದ ಹಾಳೆಗಳನ್ನು ಎವಳು ಕಾಲಕಾಲಕ್ಕೆ ಮುಚ್ಚಿಕೊಂಡು, ಹತ್ತಿರದ ಪಿರ್ನಾ ಪಟ್ಟಣಕ್ಕೆ ಹೋಗಿ, ಆನೆಮಾರಿ ಕೋಲರ್ ಎಂಬ ವೈದ್ಯಳಿಗೆ ಕೊಟ್ಟುಬರುವಳು. ಆ ವೈದ್ಯಳು ಅವುಗಳನ್ನು ತನ್ನ ಬಳಿಯಲ್ಲಿ ಅಡಗಿಸಿಟ್ಟಳು. ಒಬ್ಬನು ಬರೆದನು, ಒಬ್ಬಳು ಹೊತ್ತಳು, ಒಬ್ಬಳು ಕಾಪಾಡಿದಳು. ಮೂವರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೂ ಮೂವರೂ ಉಳಿಯುತ್ತಿರಲಿಲ್ಲ.

ಪುಸ್ತಕಗಳಿಲ್ಲದ ಭಾಷಾಪಂಡಿತನು ಏನನ್ನು ಓದಬೇಕು? ಆತನು ಗೋಡೆಯ ಪ್ರಕಟನೆಗಳನ್ನು ಓದಿದನು, ಕೈಗೆ ಸಿಕ್ಕಿದ ಪತ್ರಿಕೆಯ ತುಂಡುಗಳನ್ನು ಓದಿದನು, ಅಂಗಡಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಜನರಾಡುವದನ್ನು ಕಿವಿಗೊಟ್ಟು ಕೇಳಿದನು. ನಾಜಿಗಳ ಪುಸ್ತಕಗಳನ್ನು ಎವಳು ತನ್ನ ಹೆಸರಿನಲ್ಲಿ ತಂದುಕೊಡುವಳು. ರೋಜೆನ್‌ಬರ್ಗ್ ಎಂಬ ನಾಜಿ ಮುಖಂಡನ ಗ್ರಂಥವನ್ನು ಯೆಹೂದ್ಯನು ಓದುವದುಂಟೇ ಎಂದು ಗುಪ್ತ ಪೊಲೀಸಿನವನು ಅದೇ ಗ್ರಂಥದಿಂದ ಆತನ ತಲೆಗೆ ಹೊಡೆದನು. ಆರುವತ್ತು ದಾಟಿದ ಮೇಲೆ ಆತನಿಂದ ಬೀದಿಯ ಹಿಮವನ್ನು ಬಾಚಿಸಿದರು, ಕಾಗದದ ಲಕೋಟೆ ಮಾಡುವ ಕಾರ್ಖಾನೆಯಲ್ಲಿ ದುಡಿಸಿದರು. ಆಗ ಬೆಳಗಿನ ಜಾವ ಮೂರೂವರೆಗೆ ಎದ್ದು, ಕೆಲಸಕ್ಕೆ ಹೋಗುವದಕ್ಕೆ ಮೊದಲು ಹಿಂದಿನ ದಿನ ಕೇಳಿದ ಮಾತುಗಳನ್ನು ಬರೆದಿಡುವನು. ದೊಂಬರವನು ಹಗ್ಗದ ಮೇಲೆ ನಡೆಯುವಾಗ ಕೈಯಲ್ಲಿ ಅಡ್ಡಗಳುವನ್ನು ಹಿಡಿಯುತ್ತಾನಲ್ಲವೇ? ಈ ಅಭ್ಯಾಸವು ತನಗೆ ಅಂಥ ಗಳುವಾಗಿತ್ತೆಂದು ಆತನು ಮುಂದೆ ನೆನಸಿದನು, ಅದಿಲ್ಲದಿದ್ದರೆ ಬಿದ್ದುಹೋಗುತ್ತಿದ್ದನು.

ಆತನು ಕಂಡದ್ದೇನಂದರೆ: ನಾಜಿಗಳು ಹೊಸ ಮಾತುಗಳನ್ನು ಬಹಳವಾಗಿ ಹುಟ್ಟಿಸಲಿಲ್ಲ; ಹಳೆಯ ಮಾತುಗಳ ತೂಕವನ್ನು ಬದಲಾಯಿಸಿದರು. ವಿವೇಕವನ್ನು ಬಿಟ್ಟು ಒಂದೇ ಹಟಕ್ಕೆ ಬಿದ್ದವನನ್ನು ಜರ್ಮನರು ಫನಾಟಿಷ್ ಎಂದು ನಿಂದಿಸುತ್ತಿದ್ದರು. ಈಗ ಅದೇ ಮಾತು ಹೊಗಳಿಕೆಯಾಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವದಕ್ಕೆ ರಕ್ಷಣೆಯ ಬಂಧನವೆಂದು ಹೆಸರಿಟ್ಟರು. ಮರಣದ ಶಿಬಿರಗಳಿಗೆ ರೈಲಿನಲ್ಲಿ ತುಂಬಿ ಕಳುಹಿಸುವದು ಸ್ಥಳಾಂತರವಾಯಿತು. ಸಣ್ಣ ಸಭೆಯೂ ಚಾರಿತ್ರಿಕವಾದದ್ದು, ಪ್ರತಿ ಭಾಷಣವೂ ಅದ್ವಿತೀಯವಾದದ್ದು ಎಂದು ಮಾತುಗಳು ಉಬ್ಬಿದವು. ಪತ್ರಿಕೆಗಳ ಜನನ ಮರಣದ ಪ್ರಕಟನೆಗಳಲ್ಲಿ ಹುಟ್ಟಿಗೆ ನಕ್ಷತ್ರವನ್ನೂ ಸಾವಿಗೆ ಶಿಲುಬೆಯನ್ನೂ ಹಾಕುವ ವಾಡಿಕೆಯನ್ನು ಬಿಟ್ಟು ಅನೇಕರು ಪುರಾತನ ಅನ್ಯಧರ್ಮದ ಗುರುತುಗಳನ್ನು ಹಾಕತೊಡಗಿದರು. ಜನ ಎಂಬ ಅರ್ಥದ ಫೋಲ್ಕ್ ಎಂಬ ಮಾತು ಅಡಿಗೆಗೆ ಉಪ್ಪಿನಂತೆ ಎಲ್ಲದಕ್ಕೂ ಬಿತ್ತು. ಆದರೆ ಆ ಜನರೊಳಗೆ ಯೆಹೂದ್ಯರಿಲ್ಲ. ಆತನು ಈ ಭಾಷೆಗೆ ಲತೀನಿನಲ್ಲಿ ಮೂರನೆಯ ಸಾಮ್ರಾಜ್ಯದ ಭಾಷೆ ಎಂಬ ಅರ್ಥ ಬರುವಂತೆ ಎಲ್‌ಟಿಐ ಎಂಬ ಮೂರಕ್ಷರದ ಗುಪ್ತನಾಮವನ್ನಿಟ್ಟನು. ಇಂಥ ಮಾತುಗಳನ್ನು ಆತನು ಸ್ವಲ್ಪಸ್ವಲ್ಪವಾಗಿ ನುಂಗಿಸುವ ಪಾಷಾಣಕ್ಕೆ ಹೋಲಿಸಿದ್ದಾನೆ. ನಾವು ಕೋಲಾರದ ಸೀಮೆಯವರು ನಮ್ಮ ಕೊಳವೆಬಾವಿಗೆ ಹೋಲಿಸಿಕೊಂಡರೆ ಅರ್ಥವಾಗುವದು.

ಕಾರ್ಖಾನೆಯಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿರಿ. ಅಲ್ಲಿ ಒಬ್ಬ ಕೆಲಸದ ಹೆಂಗಸು ಒಳ್ಳೆಯವಳು. ಯೆಹೂದ್ಯರೊಂದಿಗೆ ಮಾತಾಡಬಾರದೆಂಬ ಆಜ್ಞೆಯಿದ್ದರೂ ಮಾತಾಡುವಳು. ಎವಳಿಗೆ ಕಾಯಿಲೆಯೆಂದು ಕೇಳಿ, ತಿನ್ನುವದಕ್ಕೆ ಕಷ್ಟವಾದ ಆ ಕಾಲದಲ್ಲಿ ಒಂದು ದೊಡ್ಡ ಸೇಬಿನ ಹಣ್ಣನ್ನು ಗುಟ್ಟಾಗಿ ತಂದುಕೊಟ್ಟಳು. ಆಮೇಲೆ ಕುತೂಹಲದಿಂದ ಆತನ ಹೆಂಡತಿಯು ಜರ್ಮನಳೆಂಬದು ನಿಜವೋ ಎಂದು ವಿಚಾರಿಸಿದಳು. ಹಣ್ಣಿನ ರುಚಿ ಹೋಯಿತು. ಆಕೆಯು ನಾಜಿಯಲ್ಲ, ಆಕೆಯ ಕೈಯಲ್ಲಿ ದಯೆಯಿತ್ತು. ಆದರೆ ಯೆಹೂದ್ಯನು ಜರ್ಮನನಲ್ಲ, ಬೇರೆ ಜಾತಿಯವನು ಎಂಬ ಎಣಿಕೆಯು ಅವಳಿಗೆ ತಿಳಿಯದೆಯೇ ಅವಳ ನಾಲಿಗೆಯಲ್ಲಿ ಕೂತಿತ್ತು. ಹೊಡೆದವರ ಮಾತಿಗಿಂತ ಹಣ್ಣು ಕೊಟ್ಟವಳ ಮಾತು ಆತನಿಗೆ ಹೆಚ್ಚು ಯೋಚನೆಯನ್ನುಂಟುಮಾಡಿತು. ಇನ್ನೂ ಒಂದು ಮಾತು: ಹಿಂಸೆಪಡುವ ಯೆಹೂದ್ಯರೂ ಕೂಡ ತಮ್ಮನ್ನು ಹಿಂಸಿಸುವವರ ಮಾತುಗಳನ್ನೇ ಆಡುತ್ತಿದ್ದದ್ದನ್ನು ಆತನು ಗುರುತಿಸಿದನು. ವಿಷದ ಬಾವಿಯ ನೀರನ್ನು ತೋಡಿದವನೂ ಕುಡಿಯುವನು, ಬಾಯಾರಿದವನೂ ಕುಡಿಯುವನು.

ಇಷ್ಟೆಲ್ಲಾ ಆದರೂ ಆತನು ಪ್ರಾಣದಿಂದ ಉಳಿದದ್ದು ಹೇಗೆ? ಎವಳಿಂದ. ನಾಜಿಗಳ ಎಣಿಕೆಯಲ್ಲಿ ಆಕೆಯು ಆರ್ಯಳು. ಆಕೆಯ ಗಂಡನೆಂಬ ಒಂದೇ ಕಾರಣದಿಂದ ಆತನನ್ನು ರೈಲಿಗೆ ಹಾಕಲಿಲ್ಲ. ಆಕೆಯು ಒಂದು ಕಾಗದಕ್ಕೆ ರುಜುಹಾಕಿ ಗಂಡನನ್ನು ಬಿಟ್ಟಿದ್ದರೆ ಮನೆ, ತೋಟ, ಗೌರವ ಎಲ್ಲವೂ ಆಕೆಗೆ ಉಳಿಯುತ್ತಿದ್ದವು, ಆತನು ಸಾಯುತ್ತಿದ್ದನು. ಪೊಲೀಸರು ಬೈದರು, ಹೊಡೆದರು, ಹಸಿವೆಯೂ ರೋಗವೂ ಬಂದವು, ಆಕೆಯು ಬಿಡಲಿಲ್ಲ. ರೂತಳ ಚರಿತ್ರೆಯನ್ನು ಬಲ್ಲ ನಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸುತ್ತಮುತ್ತಲಿನವರು ಒಬ್ಬೊಬ್ಬರಾಗಿ ಇಲ್ಲದೆಹೋದರು. ಆಶ್ವಿಟ್ಸ್ ಎಂಬ ಭಯಂಕರ ಸ್ಥಳದ ಹೆಸರು ೧೯೪೨ರ ಮಾರ್ಚ್ ತಿಂಗಳಲ್ಲಿಯೇ ಆತನ ಕಿವಿಗೆ ಬಿದ್ದು ದಿನಚರಿಯಲ್ಲಿ ಸೇರಿತು. ಮರುವರುಷ ಮಾರ್ಚಿನಲ್ಲಿ ಡ್ರೆಸ್ಡನ್ನಿನ ಹೆಲ್ಲರ್‌ಬರ್ಗ್ ಶಿಬಿರದಲ್ಲಿ ಕೂಡಿಸಿದ್ದ ಯೆಹೂದ್ಯರನ್ನು ಅಲ್ಲಿಗೇ ಸಾಗಿಸಿದರು. ಹಿಂದೆ ಸಾವಿರಗಟ್ಟಲೆ ಯೆಹೂದ್ಯರಿದ್ದ ಆ ನಗರದಲ್ಲಿ ೧೯೪೫ರ ಆರಂಭಕ್ಕೆ ಉಳಿದವರು ಇನ್ನೂರಕ್ಕಿಂತ ಕಡಿಮೆ. ಫೆಬ್ರವರಿ ೧೩ರಂದು ಅವರಲ್ಲಿ ಅನೇಕರಿಗೆ ಕೆಲಸದ ನೆವದಿಂದ ೧೬ರಂದು ಹೊರಡಬೇಕೆಂಬ ಆಜ್ಞಾಪತ್ರಗಳು ಬಂದವು. ಅವುಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸವು ಕ್ಲೆಂಪರರನ ಪಾಲಿಗೆ ಬಂತು. ಅವು ಮರಣದ ಕರೆಗಳೆಂದು ಕೊಟ್ಟವನೂ ಬಲ್ಲನು, ತಕ್ಕೊಂಡವರೂ ಬಲ್ಲರು. ಅದೇ ರಾತ್ರಿ ಇಂಗ್ಲಿಷರ ವಿಮಾನಗಳು ಡ್ರೆಸ್ಡನ್ನಿನ ಮೇಲೆ ಬೆಂಕಿಯನ್ನು ಸುರಿಸಿದವು. ಆ ದಾಳಿಯಲ್ಲಿ ಸುಮಾರು ೨೫,೦೦೦ ಜನರು ಸತ್ತರು. ನಗರಕ್ಕೆ ನಾಶವಾದ ಆ ಬೆಂಕಿಯೇ ಆ ಕೆಲವರಿಗೆ ಬಿಡುಗಡೆಯ ದಾರಿಯಾದದ್ದು ಮನುಷ್ಯನ ತರ್ಕಕ್ಕೆ ಸಿಕ್ಕುವ ಸಂಗತಿಯಲ್ಲ. ಗಂಡಹೆಂಡರು ಹೊಗೆಯಲ್ಲಿ ಒಬ್ಬರನ್ನೊಬ್ಬರು ಕಳೆದುಕೊಂಡು, ಬೆಳಗಿನಲ್ಲಿ ಎಲ್ಬೆ ನದಿಯ ಮೇಲಣ ಜಗಲಿಯಲ್ಲಿ ತಿರಿಗಿ ಕೂಡಿದರು. ಎವಳು ಚಿಕ್ಕ ಚೂರಿಯಿಂದ ಗಂಡನ ಎದೆಯ ನಕ್ಷತ್ರವನ್ನು ಕಿತ್ತುಹಾಕಿದಳು. ಮೂರುವರೆ ವರುಷ ಹೊತ್ತ ಗುರುತು ಒಂದು ಕ್ಷಣದಲ್ಲಿ ಹೋಯಿತು.

ಅಲ್ಲಿಂದ ಅವರು ಹೆಸರನ್ನು ಸ್ವಲ್ಪ ಬದಲಾಯಿಸಿಕೊಂಡು ಊರಿಂದೂರಿಗೆ ಅಲೆದು, ಬವೇರಿಯದ ಉಂಟರ್‌ಬೆರ್ನ್‌ಬಾಖ್ ಎಂಬ ಹಳ್ಳಿಯನ್ನು ಸೇರಿದರು. ಏಪ್ರಿಲ್ ಕಡೆಯಲ್ಲಿ ಅಮೇರಿಕದ ಸೈನ್ಯವು ಬರಲು ಭಯ ತೀರಿತು. ಯುರೋಪಿನ ಸುಮಾರು ಅರುವತ್ತು ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟ ಕಾಲದಲ್ಲಿ ಈತನು ಉಳಿದನು. ಆ ಹಳ್ಳಿಯಲ್ಲಿ ಬರ್ಲಿನ್ ನಗರದಿಂದ ಬಂದ ಒಬ್ಬ ಕೂಲಿಯ ಹೆಂಗಸಿದ್ದಳು. ನಾಜಿಗಳ ಕಾಲದಲ್ಲಿ ಸೆರೆಮನೆ ಕಂಡವಳು. ಯಾವ ಅಪರಾಧಕ್ಕೆಂದು ಕೇಳಲು, ಕೆಲವು ಮಾತುಗಳ ದೆಸೆಯಿಂದ ಎಂದು ಸರಳವಾಗಿ ತಿಳಿಸಿದಳು. ಹಿಟ್ಲರನ ವಿಷಯವಾಗಿ ಏನೋ ಆಡಿದ್ದಳು. ಓದು ಬರಹದ ದೊಡ್ಡವರು ಬಾಯಿಮುಚ್ಚಿದ್ದಾಗ ಈ ಬಡವಳು ಮಾತಿಗೋಸ್ಕರ ಸೆರೆಗೆ ಹೋದದ್ದನ್ನು ಕೇಳಿ, ತಾನು ಕೂಡಿಸಿದ ಮಾತುಗಳ ಪುಸ್ತಕವನ್ನು ಬರೆಯಲೇಬೇಕೆಂದು ಪಂಡಿತನಿಗೆ ನಿಶ್ಚಯವಾಯಿತು.

ಬಹುಪಾಲು ಕಾಲ್ನಡಿಗೆಯಾಗಿ ಹಿಂದಿರುಗಿ, ೧೯೪೫ರ ಜೂನ್ ತಿಂಗಳಲ್ಲಿ ಅವರು ಡ್ರೆಸ್ಡನ್ ಸೇರಿದರು. ಡೋಲ್ಚೆನ್ನಿನ ಮನೆಯು ತಿರಿಗಿ ಅವರದಾಯಿತು. ಪಿರ್ನಾದಲ್ಲಿ ಇಟ್ಟಿದ್ದ ಹಾಳೆಗಳು ಸುರಕ್ಷಿತವಾಗಿದ್ದವು. ಅವುಗಳಿಂದ ಆಯ್ದು ಬರೆದ ಎಲ್‌ಟಿಐ ಎಂಬ ಪುಸ್ತಕವು ೧೯೪೭ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಆತನು ಪೂರ್ವ ಜರ್ಮನಿಯಲ್ಲಿಯೇ ನಿಂತು, ೧೯೪೫ರಲ್ಲಿ ಕಮ್ಯೂನಿಸ್ಟ್ ಪಕ್ಷಕ್ಕೆ ಸೇರಿ, ಗ್ರೈಫ್ಸ್‌ವಾಲ್ಡ್, ಹಾಲೆ, ಬರ್ಲಿನ್ ವಿದ್ಯಾಪೀಠಗಳಲ್ಲಿ ಪಾಠಮಾಡಿ, ೧೯೫೦ರಿಂದ ಜನಪ್ರತಿನಿಧಿ ಸಭೆಯ ಸದಸ್ಯನೂ ಆದನು. ಆದರೂ ಕಿವಿ ಮಂದವಾಗಲಿಲ್ಲ: ಹೊಸ ಅಧಿಕಾರಿಗಳ ಮಾತಿನಲ್ಲಿಯೂ ಹಳೆಯ ವಾಸನೆಯನ್ನು ಹಿಡಿದು ಗುಟ್ಟಾಗಿ ದಿನಚರಿಯಲ್ಲಿ ಬರೆದಿಟ್ಟನು. ಅದನ್ನು ಬಹಿರಂಗವಾಗಿ ಹೇಳುವಷ್ಟು ಧೈರ್ಯ ಆಗ ತೋರಿಸಲಿಲ್ಲವೆಂಬದನ್ನೂ ನಾವು ಮರೆಮಾಡಬಾರದು, ಆತನೂ ಮನುಷ್ಯನೇ. ಎವಳು ೧೯೫೧ರಲ್ಲಿ ತೀರಿಹೋದಳು. ಮರುವರುಷ ಆತನು ಹಾಡ್ವಿಗ್ ಕಿರ್ಖ್ನರ್ ಎಂಬಾಕೆಯನ್ನು ಮದುವೆಯಾದನು. ೧೯೬೦ನೇ ಇಸವಿ ಫೆಬ್ರವರಿ ೧೧ರಂದು ಡ್ರೆಸ್ಡನ್ನಿನಲ್ಲಿ ಆತನ ಆಯುಷ್ಯವು ಮುಗಿಯಿತು. ನಾಜಿ ಕಾಲದ ದಿನಚರಿಗಳು ಆತನು ಸತ್ತು ಮೂವತ್ತೈದು ವರುಷಗಳಾದ ಮೇಲೆ, ೧೯೯೫ರಲ್ಲಿ ಅಚ್ಚಾಗಿ, ಜರ್ಮನಿಯೆಲ್ಲಾ ಅವುಗಳನ್ನು ಓದಿತು.

ವಾಚಕರೇ, ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಂಬ ನಾಲ್ಕು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಬರುವವು. ನಾಲ್ಕರಲ್ಲಿಯೂ ಒಳ್ಳೆಯ ಮಾತುಗಳುಂಟು. ನಾಲ್ಕರಲ್ಲಿಯೂ ಮನುಷ್ಯನನ್ನು ಅವನ ಹುಟ್ಟಿನಿಂದ ಅಳೆದು ತಳ್ಳುವ ಮಾತುಗಳುಂಟು. ಅಂಥ ಮಾತುಗಳನ್ನು ನಮ್ಮ ತಾತಮುತ್ತಾತಂದಿರು ಬೀದಿಯಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಕೇಳಿ ತಲೆಬಾಗಿಸಿದ್ದರು. ಅವುಗಳ ನೋವು ನಮಗೆ ಹೇಳಿಕೊಡಬೇಕಾದದ್ದಲ್ಲ. ಆದರೆ ಆ ನೋವನ್ನು ಬಲ್ಲ ನಾವೇ ಆರಾಧನೆ ಮುಗಿಸಿ ಹೊರಗೆ ಬಂದು, ಮತ್ತೊಬ್ಬ ಸಹೋದರನ ಹಿಂದಣ ಕುಲವನ್ನು ಎತ್ತಿ ಮೆಲ್ಲಗೆ ನಗುವದಿಲ್ಲವೇ? ಮಗಳ ಮದುವೆಯ ಮಾತು ಬಂದಾಗ ದೀಕ್ಷಾಸ್ನಾನದ ಪುಸ್ತಕವನ್ನು ಮುಚ್ಚಿಟ್ಟು ಹಳೆಯ ಹೆಸರನ್ನು ವಿಚಾರಿಸುವದಿಲ್ಲವೇ? ಹಣ್ಣು ಕೊಟ್ಟ ಕೈಯೂ ಒಳ್ಳೆಯದೇ, ಕೊಟ್ಟ ಹೆಂಗಸೂ ಒಳ್ಳೆಯವಳೇ. ಆದರೂ ಕೊಡುವಾಗ ಆಡಿದ ಮಾತು ಆ ಹಣ್ಣನ್ನು ಕಹಿಮಾಡಿತು.

ಕೊಳವೆಬಾವಿಯ ನೀರನ್ನು ಪಟ್ಟಣಕ್ಕೆ ಕೊಂಡೊಯ್ದು ಪರೀಕ್ಷೆಮಾಡಿಸಿ, ಕುಡಿಯತಕ್ಕದ್ದೋ ಅಲ್ಲವೋ ಎಂದು ತಿಳಿದುಕೊಳ್ಳಬಹುದು. ಮಾತಿಗೆ ಅಂಥ ಪರೀಕ್ಷಾಶಾಲೆಯಿಲ್ಲ. ಪ್ರತಿಯೊಬ್ಬನೂ ತನ್ನ ಬಾಯಿಂದ ಹೊರಡುವದನ್ನು ತಾನೇ ಕೇಳಿಕೊಳ್ಳಬೇಕು. ಡ್ರೆಸ್ಡನ್ನಿನ ಆ ಮುದುಕನು ಬೆಳಗಿನ ಜಾವ ಮೂರೂವರೆಗೆ ಎದ್ದು ಮಾಡಿದ್ದು ಇಷ್ಟೇ.